ಎಡಗೈಗೆ ಐದು ಬಳಿ

ಬೀಗತಿ ದೇವವ್ವ ಹೇಳಿ ಕಳಿಸಿದ ಮಾತು ರಾಣೇಬೆನ್ನೂರಿನಿಂದ ಬ್ಯಾಡಗಿಗೆ ಬಂದು ಮುಟ್ಟುವುದರೊಳಗೆ ಮೂರು ಬಾಯಿ ದಾಟಿತ್ತು. ಒಳ್ಳೆಯ ಮಾತು ಚಕ್ಕಡಿ ಹತ್ತಿ ಬರುತ್ತದೆ, ಕೆಟ್ಟ ಮಾತು ಬಸ್ಸು ಹತ್ತಿ ಬರುತ್ತದೆ. ಕಡೆಗೆ ಅದನ್ನು ಶೇಖವ್ವನ ಕಿವಿಗೆ ಹಾಕಿದವಳು ಅವಳ ಹಿರಿಯ ನೆಗೆಣ್ಣಿ ಗದಿಗೆವ್ವ. ಅದೂ ಎಲ್ಲಿ, ಮೆಣಸಿನಕಾಯಿ ವಖಾರಿಯಲ್ಲಿ, ಹತ್ತು ಮಂದಿ ಹೆಂಗಸರು ಸಾಲಾಗಿ ಕೂತು ಕಾಯಿಯ ತುಂಬು, ಅಂದರೆ ತೊಟ್ಟು, ಮುರಿಯುತ್ತಿರುವಾಗ.

“ಸಿಟ್ಟಾಗಬ್ಯಾಡ ಶೇಖವ್ವಾ,” ಎಂದು ಶುರು ಮಾಡಿದಳು ಗದಿಗೆವ್ವ. ಹೀಗೆ ಶುರುವಾದ ಮಾತಿಗೆ ಸಿಟ್ಟಾಗದವರು ಯಾರಿದ್ದಾರೆ? “ಕೊಟ್ರವ್ವನ ಕುಬಸದ ದಿನ ಉಡಿ ನಾನ ತುಂಬಬೇಕಂತ. ನಿಮ್ಮ ಬೀಗತಿ ಹೇಳಿ ಕಳಸ್ಯಾಳ.”

“ಯಾಕ, ನಾ ಸತ್ತೇನೇನು? ಹಡದಾಕಿ ಎದುರಿಗಿರತಾ ನೀ ಯಾಕ ತುಂಬತಿ?”

“ನಾ ಎಲ್ಲಿ ತುಂಬತೇನಿ ಅಂದೆ? ಅಕಿ ಅಂದದ್ದು ಹೇಳಿದೆ. ಒಂದು ಕೈ ಬೋಳು ಇದ್ದಾಕಿ ಬಸಿರಿ ಉಡಿ ತುಂಬಬಾರದಂತ. ಮುತ್ತೈದಿ ಅಂದ ಮ್ಯಾಲೆ ಎರಡೂ ಕೈ ತುಂಬಿರಬೇಕಂತ.”

ಸಾಲಿನ ಕಡೆಗಿದ್ದವಳೊಬ್ಬಳು “ಅದೂ ಖರೇನ ಬಿಡು” ಎಂದಳು. ಪಕ್ಕದವಳು ಅವಳ ತೊಡೆ ಚಿವುಟಿದಳು. ಶೇಖವ್ವ ಕೈಯಲ್ಲಿದ್ದ ಕಾಯಿಯ ತುಂಬು ಮುರಿಯುವ ಬದಲು ಕಾಯಿಯನ್ನೇ ಮುರಿದಳು. ಬೀಜ ಚೆಲ್ಲಿತು.

ಅವಳಿಗೆ ಕೊಟ್ರವ್ವ ಒಬ್ಬಳೇ ಮಗಳು. ಅವಳಿಗಿಂತ ಮೊದಲು ಎರಡು ಹುಟ್ಟಿ ಹೋಗಿದ್ದವು. ಕೊಟ್ಟೂರಿನ ಸ್ವಾಮಿಗೆ ಹರಕೆ ಹೊತ್ತು ಉಳಿಸಿಕೊಂಡ ಜೀವಕ್ಕೆ ಆ ಸ್ವಾಮಿಯ ಹೆಸರನ್ನೇ ಇಟ್ಟಿದ್ದಳು. ಆ ಮಗಳು ಈಗ ಚೊಚ್ಚಲ ಬಸಿರಿ, ಏಳು ತುಂಬಿತ್ತು. ಕುಬಸವೆಂದರೆ ತವರಿನವರು ಹಸಿರು ಸೀರೆ, ಹಸಿರು ಬಳೆ ಹೊತ್ತು ಹೋಗಿ, ಹಡೆದ ತಾಯಿ ತನ್ನ ಕೈಯಾರೆ ಐದು ಬೊಗಸೆ ಅಕ್ಕಿ ಹಾಕಿ ಉಡಿ ತುಂಬಿ, ಮಗಳನ್ನು ಹೆರಿಗೆಗೆ ಕರೆದು ತರಬೇಕು. ಹಾಸಿಗೆಯಲ್ಲಿ ಬಿದ್ದಿದ್ದಾಗ ಶೇಖವ್ವ ದೇವರಲ್ಲಿ ಆಯುಷ್ಯ ಬೇಡಿದ್ದು ಇದೊಂದಕ್ಕೆ. ಎಷ್ಟು ವರ್ಷ ಎಂದು ಲೆಕ್ಕ ಹಾಕಿ ಬೇಡಿರಲಿಲ್ಲ. “ಮಗಳ ಉಡಿ ತುಂಬೂತನಕ ಇಡಪಾ” ಎಂದಿದ್ದಳು. ದೇವರು ಇಟ್ಟ. ಈಗ ಬೀಗತಿ ಬೇಡ ಅನ್ನುತ್ತಿದ್ದಾಳೆ.

ಎಡ ಎದೆಯಲ್ಲಿ ಗಂಟು ಕಂಡದ್ದು ಮಗಳ ಮದುವೆಯ ಮಾತುಕತೆ ನಡೆದಾಗ. ಮದುವೆ ಮುಗಿಯಲಿ ಎಂದು ಎಂಟು ತಿಂಗಳು ಸೆರಗಿನೊಳಗೆ ಮುಚ್ಚಿಟ್ಟಳು. ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಹೋಗುವ ಹೊತ್ತಿಗೆ ಬಗಲಿನಲ್ಲೂ ಗಂಟು ಬಿದ್ದಿದ್ದವು. ಎದೆಯನ್ನು ಪೂರಾ ತೆಗೆದರು, ಬಗಲಿನೊಳಗಿನದನ್ನೂ ಕೆರೆದು ತೆಗೆದರು. ಗಾಯ ಮಾಗಿದ ಮೇಲೆ ಐದು ವಾರ ಕರೆಂಟು ಕೊಟ್ಟರು. ಕರೆಂಟು ಎನ್ನುವುದು ಊರ ಮಂದಿ ಇಟ್ಟ ಹೆಸರು. ದೊಡ್ಡ ಯಂತ್ರದ ಕೆಳಗೆ ಮಲಗಿಸಿ, ಎಲ್ಲರೂ ಹೊರಗೆ ಹೋಗಿ, ಕಣ್ಣಿಗೆ ಕಾಣದ ಕಿರಣ ಬಿಡುತ್ತಿದ್ದರು. ಎದೆಯಿಂದ ಬಗಲಿನ ತನಕ ನೇರಳೆ ಶಾಯಿಯಲ್ಲಿ ಗೆರೆ ಬರೆದು, ಇದು ಅಳಿಯಬಾರದು, ಇಲ್ಲಿಗೆ ನೀರು ಮುಟ್ಟಿಸಬೇಡಿ ಎಂದಿದ್ದರು. ಕೊರಳಿನ ಲಿಂಗವನ್ನು ತೆಗೆದಿಡಿ ಎಂದಾಗ ಮಾತ್ರ ಶೇಖವ್ವ ಅತ್ತಿದ್ದಳು. ಯಂತ್ರ ನಡೆಸುವವನು ಒಳ್ಳೆಯವನು. “ತೆಗೀಬ್ಯಾಡ್ರಿ ಅವ್ವಾರ, ಬಲಗೈ ಮುಷ್ಟ್ಯಾಗ ಹಿಡಕೋರಿ, ಗೆರಿಯೊಳಗ ಬರದಿದ್ರಾತು” ಎಂದ. ಇಪ್ಪತ್ತೈದು ಸಲವೂ ಅವಳು ಹಾಗೇ ಮಲಗಿದಳು. ಇಪ್ಪತ್ತೈದು ಸಲವೂ ಹೊರಗಿನ ಬೆಂಚಿನ ಮೇಲೆ ಗಂಡ ತಿರಕಪ್ಪ, ದಲಾಲಿ ಅಂಗಡಿಯ ಹಮಾಲಿಗೆ ರಜೆ ಹಾಕಿ, ಕಣ್ಣು ಮುಚ್ಚಿ ಕೂತಿರುತ್ತಿದ್ದ.

ಜೀವ ಉಳಿಯಿತು. ಸುಟ್ಟು ಕಪ್ಪಾದ ಚರ್ಮ ಸಿಪ್ಪೆ ಎದ್ದು ಹೊಸದಾಯಿತು. ಹೋದದ್ದು ಎದೆ, ಎದೆಗೆ ಸೆರಗಿದೆ ಎಂದು ಅವಳು ಸಮಾಧಾನ ಮಾಡಿಕೊಂಡಿದ್ದಳು. ಆದರೆ ನಾಲ್ಕು ತಿಂಗಳಿಗೆ ಎಡಗೈ ಬಾತುಕೊಳ್ಳತೊಡಗಿತು. ಬೆಳಿಗ್ಗೆ ಸ್ವಲ್ಪ ಇಳಿದಿರುತ್ತಿತ್ತು, ಸಂಜೆಗೆ ತುಂಬಿದ ತಿತ್ತಿಯ ಹಾಗೆ ಜೋತು ಬೀಳುತ್ತಿತ್ತು. ಕೈಯೊಳಗಿನ ನೀರು ಇಳಿದು ಹೋಗುವ ದಾರಿ ಬಗಲಿನಲ್ಲಿದೆಯಂತೆ. ಅರ್ಧ ದಾರಿ ಕತ್ತರಿಗೆ ಹೋಯಿತು, ಉಳಿದರ್ಧ ಕರೆಂಟಿಗೆ ಮುಚ್ಚಿತು ಎಂದು ಡಾಕ್ಟರರು ಬಿಡಿಸಿ ಹೇಳಿದ್ದರು. ಬಗಲಿನ ರೋಗಕ್ಕೆ ಅಲ್ಲಿಗೂ ಕೊಡಲೇಬೇಕಿತ್ತಂತೆ. ಈ ಕೈಗೆ ಸೂಜಿ ಚುಚ್ಚಿಸಬಾರದು, ಭಾರ ಎತ್ತಬಾರದು, ಸುಟ್ಟುಕೊಳ್ಳಬಾರದು, ಕೊಯ್ದುಕೊಳ್ಳಬಾರದು, ಬಿಗಿ ಆಗುವಂಥದ್ದು ಏನೂ ಇರಬಾರದು. ಬಳೆಯಂತೂ ಬೇಡವೇ ಬೇಡ.

ಅಂದಿನಿಂದ ಅವಳು ಒಂದೇ ಕೈಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿ ಒಂದು ಮಗ್ಗುಲಿಗೆ ದಪ್ಪ, ಒಂದು ಮಗ್ಗುಲಿಗೆ ತೆಳು. ತಿರಕಪ್ಪ ಏನೂ ಅನ್ನದೆ ತಿನ್ನುತ್ತಿದ್ದ. ಅವನು ಏನಾದರೂ ಅಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಗದಿಗೆವ್ವ ಮಾತು ಮುಟ್ಟಿಸಿದ ಮೂರನೆಯ ದಿನ ಹುಬ್ಬಳ್ಳಿಯಲ್ಲಿ ತಪಾಸಣೆ ಇತ್ತು. ತಿರಕಪ್ಪನಿಗೆ ಅಂಗಡಿಯಲ್ಲಿ ಸೀಜನ್ನು, ಶೇಖವ್ವ ಒಬ್ಬಳೇ ಹೋದಳು. ದವಾಖಾನೆಯಲ್ಲಿ ಈ ಸಲ ಒಬ್ಬ ಹೊಸ ಡಾಕ್ಟರಮ್ಮ ಕೂತಿದ್ದಳು. ಬೆಂಗಳೂರು ಕಡೆಯ ಮಾತು, ಕೈಯಲ್ಲಿ ಅಚ್ಚು ಹಾಕಿಸಿದ ನಾಲ್ಕು ಹಾಳೆ.

“ಅಮ್ಮಾ, ಟ್ರೀಟ್‌ಮೆಂಟ್ ಆದ್ಮೇಲೆ ನಿಮ್ಮ ಜೀವನ ಹೇಗಿದೆ ಅಂತ ಕೇಳ್ತೀವಿ. ಒಬ್ಬೊಬ್ಬರಿಗೆ ಒಂದೊಂದು ಥರ ಕರೆಂಟ್ ಕೊಟ್ಟಿರ್ತೀವಲ್ಲ, ಯಾವುದರಲ್ಲಿ ಜನ ಚೆನ್ನಾಗಿದ್ದಾರೆ ಅಂತ ನಮಗೂ ಗೊತ್ತಾಗಬೇಕು. ಇಲ್ಲ, ಸ್ವಲ್ಪ, ಬಹಳ, ಈ ಮೂರರಲ್ಲಿ ಒಂದು ಹೇಳಿ. ಕಳೆದ ವಾರ ಬಟ್ಟೆ ಹಾಕಿಕೊಳ್ಳೋಕೆ ಕಷ್ಟ ಆಯ್ತಾ?”

“ಆರಾಮ ಅದೀನ್ರಿ.”

“ಕೈ ನೋವು?”

“ಆರಾಮ ಐತ್ರಿ.”

“ನಿದ್ದೆ?”

“ಶಿವನ ದಯಾ, ಆರಾಮ್ರಿ.”

ಡಾಕ್ಟರಮ್ಮ ಗೀಟು ಹಾಕುತ್ತ ಹೋದಳು: ಇಲ್ಲ, ಇಲ್ಲ, ಇಲ್ಲ. ಶೇಖವ್ವ ಸುಳ್ಳು ಹೇಳುತ್ತಿರಲಿಲ್ಲ. ದೇವರು ಬಿಟ್ಟುಕೊಟ್ಟ ಜೀವದ ಬಗ್ಗೆ ದೂರು ಹೇಳಿದರೆ, ಬೇಡವಾದರೆ ಕೊಡು ಎಂದು ತಿರುಗಿ ಕೇಳುತ್ತಾನೆ ಎಂದು ಅವಳ ತಾಯಿ ಕಲಿಸಿದ್ದಳು. ಹೇಗಿದ್ದೀ ಎಂದರೆ ಆರಾಮ. ಸಾಯುವ ಹಿಂದಿನ ದಿನವೂ ಆರಾಮ. ಬ್ಯಾಡಗಿಯ ಓಣಿಯಲ್ಲಿ ಇದಕ್ಕೆ ಬೇರೆ ಉತ್ತರವಿಲ್ಲ.

ಹಾಳೆ ಮುಗಿಯುತ್ತ ಬಂತು. ಶೇಖವ್ವ ಎದ್ದು ನಿಂತವಳು ಮತ್ತೆ ಕೂತಳು.

“ಯವ್ವಾ, ಈ ಕಾಗದದಾಗ ಬಳಿ ವಿಚಾರ ಇಲ್ಲೇನ್ರಿ?”

“ಬಳೆನಾ?” ಡಾಕ್ಟರಮ್ಮ ನಾಲ್ಕೂ ಹಾಳೆ ತಿರುವಿದಳು. “ಇಲ್ಲಮ್ಮ. ಇದು ಹೊರದೇಶದೋರು ಮಾಡಿದ ಪಟ್ಟಿ. ಯಾಕೆ?”

“ಬಟ್ಟಿ ಹಾಕ್ಕೋತೇನ್ರಿ. ನಿದ್ದಿ ಹತ್ತತೈತ್ರಿ. ಮಗಳ ಉಡಿ ತುಂಬಾಕ ಬಿಡವಲ್ರು. ಕೈಯಾಗ ಬಳಿ ಇಲ್ಲಲ್ರಿ. ಒಂದು ದಿನದ ಮಟ್ಟಿಗೆ ಇಟಗೊಂಡ್ರ ಏನಾಕ್ಕೈತ್ರಿ?”

ಡಾಕ್ಟರಮ್ಮ ಅವಳ ಎಡಗೈ ಹಿಡಿದು ಹೆಬ್ಬೆರಳಿನಿಂದ ಒತ್ತಿದಳು. ಒತ್ತಿದಲ್ಲಿ ಗುಳಿ ಬಿತ್ತು, ನಿಧಾನಕ್ಕೆ ತುಂಬಿಕೊಂಡಿತು. “ಬೇಡ. ಒಂದು ದಿನಕ್ಕೂ ಬೇಡ. ಬೆಳಿಗ್ಗೆ ಸಡಿಲ ಇದ್ದದ್ದು ಸಂಜೆಗೆ ಕಚ್ಚಿಕೊಳ್ಳುತ್ತೆ. ನಂಜಾದರೆ ಕೈ ಪೂರ್ತಿ ಕೆಂಪಾಗಿ ಜ್ವರ ಬರುತ್ತೆ.” ಆಮೇಲೆ ಹಾಳೆಯ ಅಂಚಿನಲ್ಲಿ, ಗೀಟು ಹಾಕುವ ಜಾಗವಿಲ್ಲದ ಕಡೆ, ಸಣ್ಣದಾಗಿ ‘ಬಳೆ’ ಎಂದು ಬರೆದುಕೊಂಡಳು.

ಹೊರಗಿನ ಬೆಂಚಿನ ಮೇಲೆ ಹಾವೇರಿಯ ಅನಸೂಯಾಬಾಯಿ ಕೂತಿದ್ದಳು. ಹೆಣ್ಣುಮಕ್ಕಳ ಶಾಲೆಯ ಟೀಚರು, ಗಂಡ ವಕೀಲ. ಇದೇ ರೋಗ, ಶೇಖವ್ವನಿಗೆ ಬಂದ ವರ್ಷವೇ ಬಂದದ್ದು. ಮೂರು ತಿಂಗಳಿಗೊಮ್ಮೆ ತಪಾಸಣೆಯ ದಿನ ಇಬ್ಬರೂ ಇದೇ ಬೆಂಚಿನ ಮೇಲೆ ಕೂತು ಗೆಳತಿಯರಾಗಿದ್ದರು. ತಿರುಗಿ ಬರುವಾಗ ಒಂದೇ ಬಸ್ಸು. ಬಸ್ಸಿನುದ್ದಕ್ಕೂ ಶೇಖವ್ವ ಅನಸೂಯಾಬಾಯಿಯ ಎಡಗೈಯನ್ನೇ ನೋಡಿದಳು. ಎರಡು ಚಿನ್ನದ ಬಳೆ, ನಡುವೆ ಆರು ಹಸಿರು ಗಾಜಿನವು, ಬಸ್ಸು ಕುಲುಕಿದಾಗೊಮ್ಮೆ ಸದ್ದು.

ಹಾವೇರಿಯಲ್ಲಿ ಇಳಿದಾಗ ಬ್ಯಾಡಗಿ ಬಸ್ಸಿಗೆ ಇನ್ನೂ ಒಂದು ತಾಸು ಇತ್ತು. ಅನಸೂಯಾಬಾಯಿ ಮನೆಗೆ ಕರೆದುಕೊಂಡು ಹೋಗಿ ಚಹಾ ಕೊಟ್ಟಳು.

“ಬಾಯಾರ, ನಿಮಗೂ ಎಡಗಡೇನ ಆಗಿತ್ತಲ್ಲ? ನಿಮ್ಮ ಕೈ ಹೆಂಗ ಉಳೀತ್ರಿ?”

“ನನಗ ಮುಂಬೈಯೊಳಗ ಮಾಡಿದ್ರಲ್ಲಾ ಶೇಖವ್ವ. ಸಣ್ಣದಿತ್ತು, ಲಗೂ ಸಿಕ್ತು. ಬರೇ ಗಂಟು ತಗದು ಎದಿ ಹಾಂಗೇ ಇಟ್ಟರು. ಎದಿಗಷ್ಟೇ ಕರೆಂಟು ಕೊಟ್ರು, ಬಗಲಿಗೆ ಕೊಡಲಿಲ್ಲ.”

“ಹಂಗಾರ ನಿಮಗ ಎಲ್ಲಾ ಉಳೀತು. ಎದೀನೂ ಉಳೀತು, ಬಳೀನೂ ಉಳಿದ್ವು.” ಮಾತು ಬಾಯಿಂದ ಬಿದ್ದ ಮೇಲೆ ಶೇಖವ್ವನಿಗೇ ಅದರ ಹುಳಿ ತಿಳಿಯಿತು.

ಅನಸೂಯಾಬಾಯಿ ಎದ್ದು ನಡುಮನೆಯ ಕದ ಮುಂದೆ ಮಾಡಿ ಬಂದಳು. ಸೆರಗು ಸರಿಸಿ, ಶೇಖವ್ವನ ಬಲಗೈಯನ್ನು ಹಿಡಿದು, ರವಿಕೆಯ ಮೇಲಿನಿಂದ ಎಡ ಎದೆಗೆ ಇಟ್ಟುಕೊಂಡಳು. ಒಳಗೆ ಹುಳಿಮಾವಿನ ಕಾಯಿಯಂತೆ ಗಟ್ಟಿ.

“ಉಳದದ್ದು ಇದು. ರವಿಕಿ ಮುಟ್ಟಿದ್ರ ಚುರ್ ಅಂತದ. ದಿನಾ ಮುಂಜಾನೆ ಜಳಕಕ್ಕ ಹೋದಾಗ ಹಿಚುಕಿ ಹಿಚುಕಿ ನೋಡ್ತೀನಿ, ಮತ್ತ ಗಂಟು ಬಂತೇನೋ ಅಂತ. ಎಲ್ಲಾ ಗಂಟಿನ ಹಾಂಗೇ ಇದ್ದಮ್ಯಾಲೆ ಗಂಟು ಯಾವುದು ಅಂತ ಹ್ಯಾಂಗ ತಿಳೀಬೇಕು? ನಮ್ಮನಿಯವರು ಒಂದು ಮಾತು ಅಂದಿಲ್ಲ. ಆದ್ರ ಎರಡು ವರ್ಷದಿಂದ ಅವರ ಹಾಸಿಗಿ ಆಫೀಸ್ ಖೋಲಿಯೊಳಗದ. ರಾತ್ರಿ ಕೇಸ್ ಓದೋದು ಇರ್ತದಂತ.” ಅವಳು ನಕ್ಕಳು. “ನನಗ ಒಮ್ಮೊಮ್ಮೆ ಅನಸ್ತದ, ನಿನ್ನ ಹಾಂಗ ಪೂರಾ ತಗದುಬಿಟ್ಟಿದ್ರ ಒಂದು ಸಲ ಅತ್ತು ಮುಗಸ್ತಿದ್ದೆ ಅಂತ.”

“ನಿಮ್ಮ ಬಾಯಾಗ ಮಣ್ಣ ಹಾಕ. ಹಂಗನಬ್ಯಾಡ್ರಿ.”

“ನೀ ನನ್ನ ಬಳಿ ನೋಡ್ತಿ, ನಾ ನಿನ್ನ ಗಂಡನ್ನ ನೋಡ್ತೀನಿ, ಐದು ವಾರ ಆ ಬೆಂಚಿನ ಮ್ಯಾಲೆ ಕೂತಿದ್ದ ಅಂತಿದ್ದೆಲ್ಲಾ. ತೂಕಾ ಹಾಕೋ ತಕ್ಕಡಿ ಯಾರ ಹತ್ತಿರನೂ ಇಲ್ಲ ಮಾರಾಯ್ತಿ.” ಮತ್ತೆ, ಬಾಗಿಲ ತನಕ ಬಂದು ಹೇಳಿದಳು: “ಡಾಕ್ಟರು ಬ್ಯಾಡ ಅಂದಾರ. ಹಟಾ ಮಾಡಬ್ಯಾಡ, ಬಳಿ ಇಟಗೋಬ್ಯಾಡ.”

ಎರಡೂ ಕೈ ತುಂಬಿದವರಿಗೆ ಹೀಗೆ ಹೇಳುವುದು ಸುಲಭ ಎಂದುಕೊಂಡು ಶೇಖವ್ವ ಬಸ್ಸು ಹತ್ತಿದಳು.

ಬಳೆಗಾರ ಮಲಂಗಸಾಬನ ಹೆಂಡತಿ ಬಿಸ್ಮಿಲ್ಲಾಬಿ ಕುಬಸದ ಹಿಂದಿನ ದಿನ ಸೂರ್ಯ ಹುಟ್ಟುವ ಮೊದಲೇ ಬಂದಳು. ಆ ಹೊತ್ತಿಗೇ ಬಾ ಎಂದು ಶೇಖವ್ವ ಹೇಳಿ ಕಳಿಸಿದ್ದಳು. ಮುಂಜಾನೆ ಕೈ ಇಳಿದಿರುತ್ತದೆ, ಅದು ಅವಳ ಲೆಕ್ಕ. ತಿರಕಪ್ಪ ಕೆರೆಯ ಕಡೆ ಹೋಗಿದ್ದ, ಅದೂ ಲೆಕ್ಕದೊಳಗೆ ಸೇರಿತ್ತು.

ಬಿಸ್ಮಿಲ್ಲಾಬಿ ಬಲಗೈಗೆ ಒಂದು ಡಜನ್ ಸರಸರ ಏರಿಸಿದಳು. ಎಡಗೈ ಮುಂದೆ ಬಂದಾಗ ಅವಳ ಕೈ ನಿಂತಿತು.

“ಯಕ್ಕಾ, ಇದಕ್ಕ ಬ್ಯಾಡ ಅಂದಿದ್ರಲ್ಲ ದವಾಖಾನ್ಯಾಗ?”

“ಎರಡು ದಿನಕ್ಕ ಏನೂ ಆಗೂದಿಲ್ಲ ಅಂದಾರ. ನೀ ಇಡು.”

“ಅಲ್ಲಾನ ಆಣಿ?”

“ನಿನ್ನ ಅಲ್ಲಾನ ಆಣಿ ನಾ ಯಾಕ ಮಾಡ್ಲಿ? ದೊಡ್ಡ ಅಳತೀದು ತಗಿ.”

ಪೆಟ್ಟಿಗೆಯ ತಳದಲ್ಲಿ, ದಪ್ಪ ಕೈಯ ಸಾಹುಕಾರ್ತಿಯರಿಗೆಂದು ಇಟ್ಟಿದ್ದ ಪಾವಣೆ ಮೂರು ಅಳತೆಯ ಬಳೆ ಇದ್ದವು. ಸಾಬೂನು ನೀರು ಹಚ್ಚಿ, ಹೆಬ್ಬೆರಳ ಗಿಣ್ಣು ಮಡಚಿ, ಬಿಸ್ಮಿಲ್ಲಾಬಿ ಒಂದೊಂದೇ ಏರಿಸಿದಳು. ಮುಂಗೈ ದಾಟುವಾಗ ಶೇಖವ್ವನ ಕಣ್ಣಲ್ಲಿ ನೀರು ಬಂತು. ಐದು ಏರಿದವು. ಆರನೆಯದು ಬಿಸ್ಮಿಲ್ಲಾಬಿಯ ಕೈಯಲ್ಲೇ ಚಟ್ ಎಂದಿತು.

“ಸಾಕ್ ಯಕ್ಕಾ. ಇದು ಕೈ ಅಲ್ಲ, ನಿನ್ನ ಹಟದ ಬೊಡ್ಡಿ.”

“ಐದು ಸಾಕು. ಐದು ಅಂದ್ರ ಶುಭಾನ.” ಶೇಖವ್ವ ಕೈ ಎತ್ತಿ ನೋಡಿಕೊಂಡಳು. ಎರಡು ವರ್ಷದ ಮೇಲೆ ಆ ಕೈ ಸದ್ದು ಮಾಡಿತ್ತು.

ತಿರಕಪ್ಪ ಅಂಗಡಿಗೆ ಹೋಗುವ ತನಕ ಎಡಗೈಯನ್ನು ಸೆರಗಿನೊಳಗೆ ಮುಚ್ಚಿಟ್ಟಳು. ಆ ದಿನವೇ ಅವಳೂ ಗದಿಗೆವ್ವನೂ ರಾಣೇಬೆನ್ನೂರಿಗೆ ಹೋದರು. ಅಡಿಗೆಯ ತಯಾರಿಗೆ ಕೈ ಬೇಕು ಎಂದು ಬೀಗರು ಕರೆದಿದ್ದರು. ಗಂಡಸರು ಬುಟ್ಟಿ ಹೊತ್ತು ಮರುದಿನ ಬರುವುದು. ಬಸ್ಸಿನಲ್ಲಿ ಕುಮಾರಪಟ್ಟಣದ ಕಾರ್ಖಾನೆಗೆ ಪಾಳಿಗೆ ಹೊರಟವರೆಲ್ಲ ತುಂಬಿದ್ದರು. ಶೇಖವ್ವ ಬಿಸಿಲಲ್ಲಿ ಎಡಗೈ ಜೋತುಬಿಟ್ಟು ಅಷ್ಟು ದೂರ ನಿಂತೇ ಹೋದಳು.

ದೇವವ್ವ ಬಾಗಿಲಲ್ಲೇ ಎರಡೂ ಕೈ ನೋಡಿದಳು. “ಬರ್ರಿ ಬೀಗತೀ, ಬಳಿ ಇಟಗೊಂಡ್ರಿ? ಛಲೋ ಆತು ನೋಡ್ರಿ. ನಾ ಹೇಳಿದ್ದು ಮನಸಿಗೆ ಹಚಗೋಬ್ಯಾಡ್ರಿ. ನನ್ನ ಹಿರೀ ಸೊಸಿ ಕೂಸು ಹುಟ್ಟಿದ ಒಂಬತ್ತ ದಿನಕ್ಕ ಹೋತು. ಅಕಿ ಕುಬಸದಾಗ ಏನೋ ಒಂದು ಕಡಿಮಿ ಬಿದ್ದಿತ್ತಂತ ಮಂದಿ ಆಡಿಕೊಂಡ್ರು. ಅದಕ್ಕ ಅಂಜತೇನ್ರಿ.”

ಹೀಗೆ ಅಂದ ಮೇಲೆ ಯಾರ ಮೇಲೆ ಸಿಟ್ಟಾಗುವುದು? ಸಿಟ್ಟಿಗೂ ಒಂದು ಗೋಡೆ ಬೇಕು, ತಲೆ ಚಚ್ಚಿಕೊಳ್ಳಲು.

ಕೊಟ್ರವ್ವ ಒಳಗಿನಿಂದ ಹೊಟ್ಟೆ ಹಿಡಿದುಕೊಂಡು ಬಂದಳು. ತಾಯಿಯ ಎಡಗೈ ನೋಡಿ ಅವಳ ಮುಖ ಇಳಿಯಿತು. “ಯವ್ವಾ, ಇದ್ಯಾಕ ಮಾಡಿಕೊಂಡಿ?”

“ಸುಮ್ನಿರು. ಬಸಿರಿ ಹೆಂಗಸು ಬಾಯಿ ಮಾಡಬಾರದು.”

ಸಂಜೆಗೆ ಬಳೆ ಕಚ್ಚಿಕೊಂಡವು. ತಿರುಗಿಸಿದರೆ ತಿರುಗಲಿಲ್ಲ. ನಡುವೆ ನಡುವೆ ಮಾಂಸ ಉಬ್ಬಿ ಬಂದು, ಕೈ ಐದು ಕಡೆ ದಾರ ಕಟ್ಟಿದ ಹಾಗೆ ಕಂಡಿತು. ಅವಳು ಸೆರಗು ಸುತ್ತಿಕೊಂಡು ಹೂರಣ ರುಬ್ಬಿದಳು. ಬೆಳಗಾಗುವುದರಲ್ಲಿ ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿದ್ದವು. ಮೊಳಕೈ ತನಕ ಕೆಂಪು ಏರಿ ಮೈ ಸಣ್ಣಗೆ ನಡುಗುತ್ತಿತ್ತು. ಒಡೆಯಬೇಕು ಎಂದು ಗೊತ್ತು. ಆದರೆ ಕುಬಸದ ಮನೆಯಲ್ಲಿ ಮುತ್ತೈದೆಯ ಬಳೆ ಒಡೆಯುವುದೆಂದರೆ! ಮಧ್ಯಾಹ್ನದ ತನಕ ಹಲ್ಲು ಕಚ್ಚಿ ತಡೆದರಾಯಿತು, ಐದು ಬೊಗಸೆ ಅಕ್ಕಿ ಹಾಕಿದರಾಯಿತು, ಆಮೇಲೆ ಕೈ ಬಿದ್ದುಹೋದರೂ ಹೋಗಲಿ. ಅವಳು ಒಳಗೊಳಗೇ ದೇವರನ್ನು ಬೈದಳು. ಒಂದು ತೆಗೆದುಕೊಂಡು ಒಂದು ಬಿಟ್ಟೆ ಅಂದುಕೊಂಡರೆ, ಬಿಟ್ಟದ್ದನ್ನೂ ಕಂತಿನ ಮೇಲೆ ಒಯ್ಯುತ್ತಿದ್ದೀಯಲ್ಲೋ ತಂದೆ. ಬೈದವಳೇ ಬಲಗೈಯಿಂದ ಕೊರಳಿನ ಲಿಂಗ ಮುಟ್ಟಿಕೊಂಡು ತಪ್ಪಾಯಿತು ಎಂದಳು.

ಹತ್ತು ಗಂಟೆಗೆ ಬುಟ್ಟಿ ಹೊತ್ತ ಗಂಡಸರು ಬಂದರು. ತಿರಕಪ್ಪ ಬುಟ್ಟಿ ಇಳಿಸಿ, ನೀರು ಕುಡಿದು, ಹೆಂಡತಿಯನ್ನು ನೋಡಿದ. ಮೂಟೆ ಹೊತ್ತು ಹೊತ್ತು ನೆಲ ನೋಡಿ ನಡೆಯುವುದು ರೂಢಿಯಾದ ಮನುಷ್ಯ. ಅವನಿಗೆ ಮೊದಲು ಕಂಡದ್ದು ಸೆರಗಿನ ಕೆಳಗಿನ ಬೆರಳು.

“ಕೈ ತೋರಸು.”

“ಆರಾಮ ಐತ್ರಿ.”

“ತೋರಸು ಅಂದೆ.”

ಅವಳು ತೋರಿಸಿದಳು. ತಿರಕಪ್ಪ ಕೈ ಮುಟ್ಟಿದ, ಹಣೆ ಮುಟ್ಟಿದ. “ಯಾರು ಇಟ್ರು ಇವನ್ನ?”

“ನಾನ ಇಡಿಸಿಕೊಂಡೆ. ಮಧ್ಯಾಹ್ನದ ತನಕ ಇರಲ್ರಿ. ನಿಮ್ಮ ಕಾಲಿಗೆ ಬೀಳತೇನಿ. ಉಡಿ ತುಂಬಿ ತಗಸತೇನಿ.”

“ಮಧ್ಯಾಹ್ನದ ತನಕ ಕೈ ಇರೂದಿಲ್ಲ.”

ಅವನು ಪಡಸಾಲೆಗೆ ಹೋಗಿ ಎಲೆಯಡಿಕೆಯ ತಾಟಿನಿಂದ ಅಡಕೊತ್ತು ಎತ್ತಿಕೊಂಡು ಬಂದ. ಹೆಗಲ ಮೇಲಿನ ವಸ್ತ್ರದ ಅಂಚು ಹರಿದು, ನೀರಿನಲ್ಲಿ ನೆನೆಸಿ, ಬಳೆಯ ಕೆಳಗೆ ತೂರಿಸತೊಡಗಿದ. ಇಷ್ಟರಲ್ಲಿ ಗದಿಗೆವ್ವ ಬಂದಳು, ಅವಳ ಹಿಂದೆ ದೇವವ್ವ ಬಂದಳು.

“ಅಯ್ಯಯ್ಯ, ಬೀಗರ, ಏನ ಮಾಡಾಕತ್ತೀರಿ? ಕುಬಸದ ಮನ್ಯಾಗ ಗಂಡನಾದವ ಹೇಂತಿ ಬಳಿ ಒಡೀತಾನೇನ್ರಿ? ಸತ್ತವರ ಮನ್ಯಾಗ ಮಾಡೂ ಕೆಲಸ ಅದು!”

ತಿರಕಪ್ಪ ತಲೆ ಎತ್ತಲಿಲ್ಲ. “ಸತ್ತವರ ಮನ್ಯಾಗ ಮಂದಿ ಒಡೀತಾರವ್ವ. ನಾ ಜೀವಂತ ಇದ್ದು ಒಡ್ಯಾಕತ್ತೇನಿ. ಅಕಿ ಬಳಿ ಮ್ಯಾಲೆ ನಂದ ಹಕ್ಕಿದ್ರ, ಇಡಾಕೂ ಐತಿ, ತಗ್ಯಾಕೂ ಐತಿ.”

ಅಡಕೊತ್ತಿನ ಬಾಯಿಗೆ ಗಾಜು ಸಿಕ್ಕಿತು. ಚಟ್. ಒದ್ದೆ ಬಟ್ಟೆಯೊಳಗೆ ಚೂರು ಬಿತ್ತು, ಕೈಗೆ ಗೀರೂ ಬೀಳಲಿಲ್ಲ. ಐದನ್ನೂ ಅವನು ಹಾಗೇ ತೆಗೆದ, ಅಷ್ಟು ಒರಟು ಬೆರಳಿನವನು. ಐದು ಸಲವೂ ದೇವವ್ವ ಕಣ್ಣು ಮುಚ್ಚಿಕೊಂಡಳು. ಕಡೆಯದು ಹೋದ ಮೇಲೆ ಶೇಖವ್ವ ಗೋಡೆಗೆ ಆತುಕೊಂಡು ಕೂತಳು. ಕೈಗೆ ಉಸಿರು ಬಂದ ಹಾಗಾಯಿತು. ಆದರೆ ಇಷ್ಟಕ್ಕೇನಾ ಬದುಕಿ ಉಳಿದದ್ದು? ಡಾಕ್ಟರು ಬೇಡ ಅಂದದ್ದೂ ಆಯಿತು, ತಾನು ಬೇಕು ಅಂದದ್ದು ಆಗಲಿಲ್ಲ.

“ಇನ್ನ ಗದಿಗೆವ್ವನ ತುಂಬಲಿ,” ಎಂದಳು ದೇವವ್ವ. ದನಿ ಗಟ್ಟಿಯಾಗಿತ್ತು. “ನಾ ಒಮ್ಮೆ ಕಳಕೊಂಡೇನ್ರಿ. ಕೈ ಮುಗೀತೇನಿ.”

ಮಣೆಯ ಮೇಲೆ ಹಸಿರು ಸೀರೆ ಉಟ್ಟು ಕೂತಿದ್ದ ಕೊಟ್ರವ್ವನಿಗೆ ಎಲ್ಲ ಕೇಳಿಸಿತ್ತು. ಅವಳು ಏಳಲಿಲ್ಲ, ಅಳಲಿಲ್ಲ. ಸೆರಗಿನ ಎರಡು ತುದಿ ಹಿಡಿದು ಉಡಿ ಒಡ್ಡಿ, ತಾಯಿಯ ಕಡೆ ಮುಖ ಮಾಡಿ, “ಯವ್ವಾ, ಎಷ್ಟೊತ್ತು ಹಿಂಗ ಹಿಡಕೊಂಡು ಕುಂದ್ರಲಿ? ಸೊಂಟ ಸೋತೈತಿ” ಎಂದಳು.

ಶೇಖವ್ವ ಎದ್ದಳು. ಯಾರ ಮುಖವನ್ನೂ ನೋಡಲಿಲ್ಲ. ಅಕ್ಕಿಯ ಮೊರದೊಳಗೆ ಎರಡೂ ಕೈ ಹಾಕಿದಳು. ಎಡಗೈ ಮಡಚಲಿಲ್ಲ, ಬೆರಳು ಬೆರಳಿಗೆ ಕೂಡಲಿಲ್ಲ. ಬೊಗಸೆ ಬೊಗಸೆಯಾಗದೆ ಅರ್ಧ ಅಕ್ಕಿ ನೆಲದ ಮೇಲೆ ಚೆಲ್ಲಿತು. ಕನಸಿನಲ್ಲಿ ಎಷ್ಟೋ ಸಲ ಮಾಡಿದ್ದ ಕೆಲಸ, ಹೀಗೆ ಮಾಡಿರಲಿಲ್ಲ. ಒಂದು. ಎರಡು. ಮೂರನೆಯದಕ್ಕೆ ನೋವು ಬಗಲಿಗೆ ಹೊಡೆದು ಕಣ್ಣು ಕತ್ತಲಿಟ್ಟಿತು. ತಿರಕಪ್ಪ ಅವಳ ಮೊಳಕೈಗೆ ತನ್ನ ಅಂಗೈ ಆನಿಸಿ ನಿಂತ. ಗಂಡಸು ಉಡಿ ತುಂಬುವ ಕಡೆ ಬರಬಾರದು ಎಂದು ಯಾರೋ ಗೊಣಗಿದರು. ನಾಲ್ಕು. ಐದು.

ದೇವವ್ವ ಗದಿಗೆವ್ವನನ್ನು ಮುಂದೆ ನೂಕಿದಳು. “ಅದನ್ನ ತಗದು ನೀವು ತುಂಬ್ರಿ.”

ಗದಿಗೆವ್ವ ಬಾಯಿ ತೆರೆದುಕೊಂಡು ನೋಡಿದಳು. “ಏನಂತ ಮಾತಾಡತೀರಿ? ಉಡಿಗೆ ಬಿದ್ದ ಅಕ್ಕಿ ತಗೀತಾರೇನ್ರಿ ಯಾರಾದ್ರೂ? ಬಸಿರಿ ಉಡಿ ಬರಿದು ಮಾಡಿದ್ರ ಅದರಂಥ ಕೇಡು ಇನ್ನೊಂದಿಲ್ಲ.”

ದೇವವ್ವ ಅದನ್ನೂ ಬಲ್ಲವಳೇ. ಅಕ್ಕಿಯ ಮೊರವನ್ನು ಗದಿಗೆವ್ವನ ಮುಂದೆ ಸರಿಸಿದಳು. “ಹಂಗಾರ ಅದರ ಮ್ಯಾಲ ತುಂಬ್ರಿ. ನನ್ನ ಜೀವಕ್ಕ ಸಮಾಧಾನ.”

ಗದಿಗೆವ್ವ ತನ್ನ ಎರಡು ತುಂಬು ಕೈಯಿಂದ ಮತ್ತೆ ಐದು ಬೊಗಸೆ ಸುರಿದಳು. ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಉತ್ತತ್ತಿ ಇಟ್ಟಳು. ಆರತಿ ಆಯಿತು. ಕುಂಕುಮದ ಬಟ್ಟಲು ಹಿಡಿದು ಸಾಲಾಗಿ ಮುತ್ತೈದೆಯರ ಹಣೆಗೆ ಹಚ್ಚುತ್ತ ಬಂದ ದೇವವ್ವ ಶೇಖವ್ವನ ಎದುರು ಒಂದು ಗಳಿಗೆ ನಿಂತಳು. ಹಚ್ಚಲಿಲ್ಲ, ದಾಟಿಯೂ ಹೋಗಲಿಲ್ಲ. ಬಟ್ಟಲನ್ನು ಅವಳ ಮುಂದೆ ನೆಲದ ಮೇಲಿಟ್ಟು ಅಡಿಗೆಮನೆಗೆ ಹೋದಳು. ಶೇಖವ್ವ ತಾನೇ ಹಚ್ಚಿಕೊಂಡಳು.

ಕೊಟ್ರವ್ವ ಉಡಿಯನ್ನು ಗಂಟು ಹಾಕಿ, ಎರಡೂ ಕೈ ಕೆಳಗೆ ಕೊಟ್ಟು, ದೇವರ ಕೋಣೆಗೆ ಹೋಗಲೆಂದು ಎದ್ದಳು. ಎದ್ದವಳು ಮತ್ತೆ ಕೂತಳು.

“ಎಷ್ಟು ಭಾರ ಐತಿ ದೊಡವ್ವಾ!”

“ಇಬ್ಬರು ತುಂಬ್ಯಾರಲ್ಲವ್ವ, ಇರತೈತಿ. ಸಾವಕಾಶ ಏಳು.”

ಗದಿಗೆವ್ವ ಒಂದು ತೋಳು ಹಿಡಿದಳು. ಶೇಖವ್ವ ಇನ್ನೊಂದು ತೋಳನ್ನು ಬಲಗೈಯಿಂದ ಹಿಡಿದೆಬ್ಬಿಸಿದಳು. ಮಗಳು ಹೆಜ್ಜೆ ಇಡುತ್ತ ಒಳಗೆ ಹೋಗುವುದನ್ನು ನೋಡಿದಳು. ನಗುವುದೋ ಬೈಯುವುದೋ ಅವಳಿಗೆ ತಿಳಿಯಲಿಲ್ಲ. ಕೈ ಉರಿಯುತ್ತಿತ್ತು. ಜ್ವರ ಏರುತ್ತಿತ್ತು.

“ಏನ್ರಿ,” ಎಂದಳು ಗಂಡನಿಗೆ, “ಆರಾಮ ಇಲ್ಲ ನನಗ. ಬಾಳ ನೋವು ಐತಿ. ದವಾಖಾನಿಗೆ ನಡೀರಿ.”